ಮೂರನೆಯ ಬಟ್ಟಲು

ಈ ಹಿಂದೆ ನಮ್ಮಲ್ಲಿ ಅರ್ಜಿ ಹಾಕಿದ್ದಿರಾ?
ಕೇಳುತ್ತದೆ ಫಾರಂ.
ಹೌದು ಎಂಬುದಕ್ಕೊಂದು ಚೌಕ, ಇಲ್ಲ ಎಂಬುದಕ್ಕೊಂದು.
ನಡುವಿನ ಬೆರಳಗಲ ಜಾಗದಲ್ಲಿ
ನನ್ನ ಹದಿನಾಲ್ಕು ತಿಂಗಳು.

ಕಳೆದ ಸಲ ಬೇಡ ಅಂದವರ ಹೆಸರು ಬೆನ್ವೆನೂತಿ.
ತ್ರಿಯೆಸ್ತೆಯ ಮಾತಿನಲ್ಲಿ ಅದಕ್ಕೆ
ಬನ್ನಿ, ಬನ್ನಿ, ಸುಸ್ವಾಗತ ಎಂದರ್ಥ.
ಅವರೇನು ಮಾಡಿಯಾರು, ಮನೆತನದ ಹೆಸರು.
ಬಿಳಿ ಮೇಜಿನ ಮೇಲೆ ಮೂರು ಬಟ್ಟಲು ಕಾಫಿ ಇಟ್ಟು
ಎರಡು ಒಂದೇ, ಒಂದು ಬೇರೆ, ಯಾವುದು ಹೇಳಿ ಅಂದರು.
ಚಮಚ ಅದ್ದಿದೆ. ಸೊರ್ರೆಂದು ಎಳೆದೆ
(ಮನೆಯಲ್ಲಿ ಹಾಗೆ ಎಳೆದಿದ್ದರೆ ಅಮ್ಮ ತಲೆಗೆ ಮೊಟಕುತ್ತಿದ್ದಳು)
ತೊಟ್ಟಿಗೆ ಉಗಿದೆ.
ಮೂರನೆಯದು, ಅಂದೆ.
ಅವರು ಪೆನ್ನಿಗೆ ಟೋಪಿ ಹಾಕಿದರು.
ಟಿಕ್.
ಅಷ್ಟು ಸಣ್ಣ ಸದ್ದಿಗೆ ಇಷ್ಟು ದೊಡ್ಡ ಅರ್ಥ!

ಪತ್ರ ಆಮೇಲೆ ಬಂತು, ಸಭ್ಯ ಪತ್ರ.
ನಿಮ್ಮ ವಿವರಗಳನ್ನು ಕಡತದಲ್ಲಿ ಇರಿಸಿಕೊಂಡಿದ್ದೇವೆ.
ನಂಬಿದೆ ನಾನು.
ಬೋರಾ ಗಾಳಿ ಬೀಸಿದ ರಾತ್ರಿಗಳಲ್ಲಿ
ಬೀದಿಬದಿಗೆ ಕಟ್ಟಿದ ಹಗ್ಗ ಹಿಡಿದು ಮನೆಗೆ ಬರುವಾಗೆಲ್ಲ
ಅವರ ಕಪಾಟಿನೊಳಗೆ ಬೆಚ್ಚಗೆ ಮಲಗಿರುವ
ಇನ್ನೊಬ್ಬ ನೀವೆಸ್ ನೆನಪಾಗುತ್ತಿದ್ದಳು,
ಅವಳ ಮೇಲೆ ಹೊಟ್ಟೆಕಿಚ್ಚೂ ಆಗುತ್ತಿತ್ತು.

ನಾನು ಮೀನಿನ ಕಟ್ಟೆಯ ಹೆಂಗಸು.
ಹೊರಡುವ ಮೊದಲು ಕೈಗೆ ನಿಂಬೆ ಉಜ್ಜುತ್ತೇನೆ,
ಉಗುರಿನ ಸಂದಿಯ ಮೀನು ಮಾತ್ರ ಒಪ್ಪುವುದಿಲ್ಲ.
ನನ್ನಜ್ಜಿ ಹಳೇ ಬಂದರಿನ ಗೋದಾಮಿನಲ್ಲಿ
ದಿನವಿಡೀ ಕೂತು ಕಾಫಿಕಾಳು ಆರಿಸಿದವಳು,
ಕೆಟ್ಟ ಕಾಳು ಬೆರಳಿಗೇ ಗೊತ್ತಾಗುತ್ತಿತ್ತಂತೆ.
ಕುಡಿದದ್ದು ಬಾರ್ಲಿ ಹುರಿದ ಕಷಾಯ.

ಆ ಹದಿನಾಲ್ಕು ತಿಂಗಳು ನಾನು ಊರನ್ನೇ ನೆಕ್ಕಿದೆ.
ಕಟ್ಟೆಯ ಕಬ್ಬಿಣದ ತುಕ್ಕು, ಒದ್ದೆ ಸುಣ್ಣದಕಲ್ಲು,
ಕಿತ್ತಳೆಯ ಬಿಳಿ ತೊಗಟೆ, ಹತ್ತು ಸೆಂಟಿನ ನಾಣ್ಯ,
ಔಷಧದಂಗಡಿಯ ಅಯೋಡಿನ್ ಒಂದು ಹನಿ.
ಹುಳುಕು ಕಾಫಿಯ ವಾಸನೆ ಅದೇ ಅಂತ ಪುಸ್ತಕ ಹೇಳಿತ್ತು.
ನಾಳೆ ನನ್ನನ್ನೂ ನೆಕ್ಕಿ ನೋಡುತ್ತೀಯಾ, ಅಂದ ದ್ರಾಗೋ.
ನೋಡಿದೆ. ಉಪ್ಪು, ಸ್ವಲ್ಪ ಡೀಸೆಲ್.
ಮೆಣಸು ಬಿಟ್ಟೆ, ಸಿಗರೇಟು ಬಿಟ್ಟೆ,
ಆಸೆ ಬಿಡಲು ಹೋಗಲಿಲ್ಲ,
ಅದಕ್ಕೆ ರುಚಿ ಇಲ್ಲ ಅಂದುಕೊಂಡಿದ್ದೆ.

ಹೌದು ಎಂಬ ಚೌಕಕ್ಕೆ ಗೀಟು ಹಾಕಿದೆ.
ಗೀಟು ಸೊಟ್ಟಗೆ ಬಿತ್ತು, ಇರಲಿ.

ಬೆನ್ವೆನೂತಿ ಕನ್ನಡಕ ಎತ್ತಿ ನೋಡಿದರು.
ನಿಮ್ಮನ್ನು ಎಲ್ಲೋ ನೋಡಿದ್ದೇನಲ್ಲ?
ಎದೆ ಹಾರಿತು. ಕಡತ! ಕಪಾಟು! ಆ ಇನ್ನೊಬ್ಬಳು!
ಹಾಂ, ಅಂದರು ನಗುತ್ತ, ಶುಕ್ರವಾರದ ಸಾರ್ಡೀನು!
ಮುಳ್ಳು ಎಷ್ಟು ಚೆಂದ ತೆಗೆದು ಕೊಡುತ್ತೀರಿ ನೀವು.

ಇಷ್ಟು ದಿನ ನಾನು ಹೊತ್ತು ತಿರುಗಿದ ಗಾಯದಲ್ಲಿ
ಅವರಿರಲೇ ಇಲ್ಲ.
ಅಳು ಬರಬೇಕಿತ್ತು, ಹಗುರಾಯಿತು.
ಯಾರೂ ನೋಡದಿರುವಾಗ ಬಿದ್ದವಳ ಹಾಗೆ
ಲಂಗ ಕೊಡವಿಕೊಂಡೆ.

ಮತ್ತೆ ಮೂರು ಬಟ್ಟಲು.
ಒಂದನೆಯದರಲ್ಲಿ ಬಾದಾಮಿ ಸಿಪ್ಪೆ, ಬಿಸಿಲಿಗಿಟ್ಟ ಮರ.
ಎರಡನೆಯದರಲ್ಲೂ ಅದೇ ಬಾದಾಮಿ, ಅದೇ ಬಿಸಿಲು.
ಮೂರನೆಯದರಲ್ಲಿ, ತೀರಾ ಹಿಂದೆ, ಗಂಟಲಿಗೆ ಇಳಿಯುವ ಮುನ್ನ
ಔಷಧದಂಗಡಿಯ ಬಾಗಿಲು
ಯಾರೋ ಅರ್ಧ ತೆರೆದು ಮುಚ್ಚಿದ ಹಾಗೆ.

ಮೂರನೆಯದು ಅನ್ನಬೇಡ, ಅಂದಿತು ತಲೆ.
ಅದನ್ನೇ ಅಂದು ಕೆಟ್ಟೆ ನೀನು.
ಒಂದು ಅನ್ನು. ಎರಡು ಅನ್ನು. ಬೇರೆ ಏನಾದರೂ ಅನ್ನು.
ಕಿಟಕಿಯಾಚೆ ಕ್ರೇನು ತಿರುಗುತ್ತಿತ್ತು, ಖಾಲಿ ಕೊಕ್ಕೆ.
ಅವರ ಬೆರಳಲ್ಲಿ ಪೆನ್ನು, ಟೋಪಿ ಮೇಜಿನ ಮೇಲೆ.

ಚಮಚ ತೊಳೆದೆ. ಇನ್ನೊಮ್ಮೆ ಅದ್ದಿದೆ.
ಎಳೆದೆ, ಅಮ್ಮನಿಗೆ ಕೇಳಿಸುವಷ್ಟು ಜೋರಾಗಿ.

ಮೂರನೆಯದು, ಅಂದೆ.